ಮುನ್ನೂರು ಕ್ಲಿಕ್, ಒಬ್ಬ ಗಿರಾಕಿಯೂ ಇಲ್ಲ

"ಹದಿನೈದು ದಿನದಲ್ಲಿ ನನ್ನ ಜಾಹೀರಾತನ್ನ ಮುನ್ನೂರು ಸಲ ಒತ್ತಿದಾರೆ. ಅಂಗಡಿಗೆ ಒಬ್ಬರೂ ಬಂದಿಲ್ಲ. ಕೂತ್ಕೊಂಡು ಒತ್ತುತ್ತಾ ಇರೋದು ನೀವೇ ಅಲ್ವಾ?"

ಬಾಗಿಲು ತಟ್ಟದೆ ನುಗ್ಗಿದವಳು ಒಂದೇ ಉಸಿರಿಗೆ ಕೇಳಿದಳು. ಜಾಹೀರಾತಿನವನು ಕುರ್ಚಿಯಿಂದ ಅರ್ಧ ಎದ್ದು ಹಾಗೇ ನಿಂತುಬಿಟ್ಟ. ಇಷ್ಟು ದಿನ ಎಲ್ಲ ಫೋನಿನಲ್ಲೇ ಮುಗಿದಿತ್ತು. ಇಬ್ಬರೂ ಎದುರುಬದುರಾದದ್ದು ಇದೇ ಮೊದಲು... ಎಂಥ ಮೊದಲು, ನೋಡಿ!

ಅವಳದು ಎದುರು ಸಾಲಿನ ಬ್ಯಾಗ್ ರಿಪೇರಿ ಅಂಗಡಿ. ಜಿಪ್, ಹಿಡಿಕೆ, ಸೂಟ್‌ಕೇಸಿನ ಚಕ್ರ... ಅಪ್ಪ ಮೂವತ್ತು ವರ್ಷ ನಡೆಸಿ, ಕಣ್ಣು ಮಂಜಾದ ಮೇಲೆ ಸೂಜಿಯನ್ನು ಮಗಳ ಕೈಗೆ ಕೊಟ್ಟಿದ್ದರು. ಗಿರಾಕಿಗಳು ಕರಗುತ್ತಾ ಹೋಗಿದ್ದರು. ಈ ತಿಂಗಳೂ ಹೀಗೇ ಹೋದರೆ ಅಂಗಡಿ ಮುಚ್ಚಿ ಬೇರೆ ಕೆಲಸಕ್ಕೆ ಸೇರುವುದೆಂದು ಅಪ್ಪ, ಮಗಳು ಮಾತಾಡಿಕೊಂಡಿದ್ದರು.

ಕೊನೆಯ ಪ್ರಯತ್ನ ಈ ಜಾಹೀರಾತು. ಯಾರಾದರೂ ಫೋನಿನಲ್ಲಿ ಬ್ಯಾಗ್ ರಿಪೇರಿ ಎಂದು ಹುಡುಕಿದರೆ ಇವಳ ಅಂಗಡಿ ಎಲ್ಲಕ್ಕಿಂತ ಮೇಲೆ ಕಾಣುತ್ತದೆ. ಅದನ್ನು ಒತ್ತಿದರೆ ಮಾತ್ರ ಇವಳ ದುಡ್ಡು ಹೋಗುತ್ತದೆ, ಅದರಲ್ಲಿ ಅವನಿಗೂ ಒಂದು ಪಾಲು. ದಿನಕ್ಕೆ ಇಷ್ಟೇ ಎಂದು ಮಿತಿ ಇಟ್ಟಿದ್ದಳು. ಆ ಮಿತಿ ಪ್ರತಿದಿನ ಬೆಳಿಗ್ಗೆ ಒಂಬತ್ತಕ್ಕೇ ಖಾಲಿ. ಅಂಗಡಿ ತೆರೆಯುವ ಹೊತ್ತಿಗೆ ಜಾಹೀರಾತೇ ಮಾಯ!

"ನಾಳೆಯಿಂದ ಸರಿ ಹೋಗುತ್ತೆ," ಅಂದ ಅವನು ಮೆಲ್ಲಗೆ.

"ಹೇಗೆ? ನೀವು ಒತ್ತೋದು ನಿಲ್ಲಿಸ್ತೀರಾ?"

ಅವನು ಏನೋ ಹೇಳಲು ಹೋಗಿ ತುಟಿ ಕಚ್ಚಿಕೊಂಡ. ತಲೆ ತಗ್ಗಿಸಿದ. ಅಷ್ಟು ಸಾಕಾಯಿತು ಅವಳಿಗೆ.

'ಕಳ್ಳ! ದನಿ ಕೇಳಿ ಒಳ್ಳೆಯವನು ಅಂದುಕೊಂಡಿದ್ದೆನಲ್ಲ...' ಮೆಟ್ಟಿಲಿಳಿಯುವಾಗ ಅವಳ ಕಣ್ಣು ತುಂಬಿತ್ತು. ದುಡ್ಡಿಗಿಂತ ಹೆಚ್ಚಾಗಿ ಆ ದನಿಗಾಗಿ ಅತ್ತಳು ಎಂಬುದನ್ನು ಅವಳು ಒಪ್ಪುವುದಿಲ್ಲ ಬಿಡಿ.

ಮನೆಗೆ ಬಂದು ಎಲ್ಲವನ್ನೂ ಅಪ್ಪನ ಮುಂದೆ ಸುರಿದಳು. ಅವನ ಮೇಲೆ ದೂರು ಕೊಡುತ್ತೇನೆ ಎಂದಳು. ಅಪ್ಪನ ಮುಖ ಬಿಳಿಚಿಕೊಂಡಿತು.

"ಬೇಡಮ್ಮಾ... ಒತ್ತಿದ್ದು ನಾನು."

ಒತ್ತಿದಷ್ಟೂ ಅಂಗಡಿ ಮೇಲೆ ಬರುತ್ತದೆಂದು ಅವರು ನಂಬಿದ್ದರಂತೆ. ಬೆಳಿಗ್ಗೆ ಎದ್ದ ಕೂಡಲೇ ತಾವು ಒತ್ತಿ, ಸೋದರತ್ತೆಯಿಂದ ಒತ್ತಿಸಿ, ಚಿಕ್ಕಪ್ಪನ ಮನೆಯವರಿಗೆಲ್ಲ ಹೇಳಿ, ವಾಕಿಂಗ್ ಗೆಳೆಯರ ಫೋನುಗಳನ್ನೂ ಇಸಿದುಕೊಂಡು ಒತ್ತಿದ್ದರು. ಇಡೀ ಬಳಗ ಸೇರಿ ಅಕ್ಕರೆಯಿಂದ ಅವಳ ಅಂಗಡಿಗೆ ಬೀಗ ಹಾಕುತ್ತಿತ್ತು!

"ಆ ಹುಡುಗ ನಿನ್ನೆ ಕಂಡುಹಿಡಿದು ಮನೆಗೆ ಫೋನ್ ಮಾಡಿದ, ನಾನೇ ಎತ್ತಿದೆ. ಒತ್ತಿದ್ದೆಲ್ಲಾ ನಮ್ಮ ಏರಿಯಾದಿಂದಲೇ ಅಂತೆ. ನಾನೇ ಬೇಡಿಕೊಂಡೆ, ಮಗಳಿಗೆ ಹೇಳಬೇಡಪ್ಪಾ, ಅವಳ ಮುಂದೆ ಸಣ್ಣವನಾಗ್ತೀನಿ ಅಂತ."

ಅಪ್ಪನ ಮಾನ ಉಳಿಸಲು ಅವನು ಕಳ್ಳನ ಪಟ್ಟ ಹೊತ್ತುಕೊಂಡಿದ್ದ. ಆ ಪಟ್ಟ ಕಟ್ಟಿದವಳು ತಾನೇ... ಅಪ್ಪನ ಕೈ ಹಿಡಿದು ಪಕ್ಕದಲ್ಲಿ ಕುಳಿತಳು.

ಮರುದಿನ ಅವನ ಬಳಿಗೆ ಹೊರಟು ಅಂಗಡಿಯ ಹೊಸ್ತಿಲು ದಾಟುವಷ್ಟರಲ್ಲಿ, ಒಂದು ಚಕ್ರ ಮುರಿದ ಸೂಟ್‌ಕೇಸನ್ನು ಎಳೆದುಕೊಂಡು ಅಪರಿಚಿತ ಹೆಂಗಸೊಬ್ಬರು ಎದುರಿಗೆ ಬಂದರು. ಫೋನಿನಲ್ಲಿ ನೋಡಿ ಬಂದೆ, ಸಂಜೆಗೇ ಪ್ರಯಾಣವಿದೆ ಎಂದರು. ಅವರು ಹೋಗುವಷ್ಟರಲ್ಲಿ ಇನ್ನಿಬ್ಬರು! ಮಧ್ಯಾಹ್ನದವರೆಗೆ ಅವಳು ತಲೆ ಎತ್ತಲಿಲ್ಲ. ಎತ್ತಿದಾಗ ಕಣ್ಣು ಒದ್ದೆಯಾಗಿತ್ತು.

ರಸ್ತೆ ದಾಟಿ ಅವನ ಕಚೇರಿಗೆ ಮೇಲೆ ಹೋದಾಗ ಈ ಸಲ ಬಾಗಿಲು ತಟ್ಟಿದಳು.

ಅವನು ತಾನು ಮಾಡಿದ್ದನ್ನು ಗಡಿಬಿಡಿಯಲ್ಲಿ ವಿವರಿಸತೊಡಗಿದ. ಅವಳ ಮನೆಯ ಸುತ್ತಮುತ್ತ ಜಾಹೀರಾತು ಕಾಣದಂತೆ ಮಾಡಿದ್ದ. ಬರೀ ಬ್ಯಾಗ್ ಎಂದು ಹುಡುಕುವವರನ್ನು ಬಿಟ್ಟು, ಚಕ್ರ ಮುರಿದವರಿಗೆ, ಜಿಪ್ ಕಿತ್ತವರಿಗೆ ಮಾತ್ರ ತೋರಿಸಿದ್ದ. ಅಂಗಡಿ ತೆರೆದಿರುವ ಹೊತ್ತಿಗಷ್ಟೇ.

"ಅಪ್ಪ ಎಲ್ಲಾ ಹೇಳಿದರು," ಅಂದಳು. "ನಾನು ಆಡಿದ ಮಾತನ್ನ ಹೊಟ್ಟೆಗೆ ಹಾಕ್ಕೊಳ್ಳಿ. ಅಷ್ಟು ಅಂದರೂ ಯಾಕೆ ಸುಮ್ಮನಿದ್ರಿ?"

"ನಿಜ ಹೇಳಿದ್ರೆ ನೀವು ಅವರ ಮೇಲೆ ಸಿಟ್ಟಾಗ್ತಿದ್ರಿ. ನನ್ನ ಮೇಲಾದ್ರೆ... ನಾನು ತಡ್ಕೋತೀನಿ ಅಂದ್ಕೊಂಡೆ. ಆದರೆ ಆಗಲಿಲ್ಲ. ರಾತ್ರಿಯೆಲ್ಲಾ ನಿದ್ದೆ ಬರಲಿಲ್ಲ."

ಅವಳ ಕಿವಿ ಬಿಸಿಯಾಯಿತು.

"ಒಂದು ಸಲವೂ ಒತ್ತಿಲ್ವಾ ನೀವು?"

"ಇಲ್ಲ. ನಿಮ್ಮನ್ನ ನೋಡಬೇಕು ಅನ್ನಿಸಿದಾಗ ಕೆಳಗಿಳಿದು ರಸ್ತೆ ದಾಟುತ್ತಿದ್ದೆ. ನೀವು ತಲೆ ಬಗ್ಗಿಸಿ ಹೊಲೀತಾ ಇರ್ತಿದ್ರಿ. ಒಳಗೆ ಬರೋಕೆ ಧೈರ್ಯ ಆಗದೆ ವಾಪಸ್ ಬರ್ತಿದ್ದೆ."

ಎರಡು ದಿನದಲ್ಲಿ ಎಷ್ಟು ಆಘಾತ ತಡೆಯಬೇಕು ಒಂದು ಹೆಣ್ಣುಜೀವ... ಇದೊಂದು ಮಾತ್ರ ಇನ್ನೊಮ್ಮೆ ಕೇಳಬೇಕೆನಿಸಿತು.

"ನಾಳೆ ಒಳಗೆ ಬನ್ನಿ," ಎಂದಳು ನೆಲ ನೋಡುತ್ತಾ. "ಅಪ್ಪನೂ ಇರ್ತಾರೆ."

"ಇರಲಿ. ನಾನು ಕೇಳಬೇಕಾಗಿರೋದು ಅವರನ್ನೇ."

"ಮೊದಲು ನನ್ನನ್ನ ಕೇಳಿ."

ಅವನು ಕೇಳಿದ.