ಅಲುಗಾಡದ ವಸ್ತುಗಳ ಪಟ್ಟಿ

ಬೋಚ್ವೆ ವಿದೇಶದಿಂದ ಗಾಜಿನ ಮೀನೊಂದನ್ನು ಎತ್ತಿಕೊಂಡು ಬಂದ ದಿನ ಎಕುವಾಳ ಮನಸ್ಸು ಮುರಿಯಿತು. ಕಡಲ ಕಾವಲಿಗೆ ಹೊಸ ದಾರಿ ತೋರಿಸಿದ್ದಕ್ಕಾಗಿ ಸೆಕೊಂಡಿ ಬಂದರಿನ ಅವರ ಕಾವಲು ಕಚೇರಿಗೆ ಸಿಕ್ಕ ಬಹುಮಾನ ಅದು. ಹನ್ನೊಂದು ವರ್ಷ ಪರದೆಯ ಮುಂದೆ ಕೂತು, ಉಪಗ್ರಹ ಕಳಿಸಿದ ಚಿತ್ರಗಳಲ್ಲಿ ಇದು ಹಡಗು, ಇದು ಬರೀ ಅಲೆ ಎಂದು ಒಂದೊಂದು ಚುಕ್ಕೆಯನ್ನೂ ಯಂತ್ರಕ್ಕೆ ಕಲಿಸಿಕೊಟ್ಟವಳು ಎಕುವಾ. ಬೋಚ್ವೆ ನಿರ್ದೇಶಕನಾಗಿ ಬಂದು ಎರಡು ವರ್ಷವಾಗಿತ್ತು, ಅಷ್ಟೆ.

"ಭಾಷಣದಲ್ಲಿ ನಿಮ್ಮನ್ನೂ ನೆನೆಸ್ಕೊಂಡೆ ಆಂಟಿ," ಅಂದ ಅವನು. "ನಮ್ಮಲ್ಲೊಬ್ಬರು ಆಂಟಿ ಇದ್ದಾರೆ, ಚಹಾಕ್ಕೆ ಕರೆದ್ರೂ ಕುರ್ಚಿ ಬಿಟ್ಟು ಏಳಲ್ಲ ಅಂದೆ. ಎಲ್ಲಾ ಎಷ್ಟು ನಕ್ರು ಗೊತ್ತಾ!"

"ಹೆಸರು ಹೇಳಿದ್ರಾ ಸರ್?"

"ಅಯ್ಯೋ, ಟೈಮ್ ಎಲ್ಲಿತ್ತು?"

ಎಕುವಾ ತಾನೂ ನಕ್ಕಳು. ಐವತ್ತರ ಹತ್ತಿರ ಬಂದ ಹೆಂಗಸಿಗೆ ಇಂಥ ಕಡೆ ನಗುವುದು ಅಭ್ಯಾಸವಾಗಿರುತ್ತದೆ. ಆದರೆ ಆ ನಗು ಮನೆಗೆ ಹೋದಮೇಲೂ ಕೆನ್ನೆಗೆ ಅಂಟಿಕೊಂಡೇ ಇತ್ತು. ಮುಖ ತೊಳೆದರೂ ಹೋಗಲಿಲ್ಲ. ಅವಳ ತಾಯಿ ಕಡಲ ದಂಡೆಯಲ್ಲಿ ಮೀನಿಗೆ ಹೊಗೆ ಹಾಕುತ್ತಿದ್ದವಳು, ಅಕ್ಷರ ಬಾರದವಳು. ಅವಳು ಒಮ್ಮೆ ಕೆಮ್ಮಿದರೆ ನಲವತ್ತು ದೋಣಿಯ ಗಂಡಸರು ತಿರುಗಿ ನೋಡುತ್ತಿದ್ದರು. ಮಗಳು ಓದಿ ವಿದ್ಯಾವಂತೆಯಾಗಿ ಸಂಪಾದಿಸಿದ್ದು ತಿರುಗುವ ಕುರ್ಚಿಯೊಂದನ್ನು.

ನ್ಯಾಮೆಕೆ ಬಂದದ್ದು ಆ ವಾರವೇ. 'ಬ್ಲೆಸೆಡ್ ಪೇಷನ್ಸ್' ಎಂಬ ದೊಡ್ಡ ಮೀನುಹಡಗಿನ ದಲ್ಲಾಳಿ ಅವನು. ಹಿಂದೆ ಎರಡು ಸಲ ಅವನನ್ನು ಬಾಗಿಲಿಂದಲೇ ಅಟ್ಟಿದ್ದವಳು ಈ ಸಲ ಕುರ್ಚಿ ಹಾಕಿದಳು. ಆಗಸ್ಟ್ ತಿಂಗಳು ದೋಣಿಯವರಿಗೆ ಕಡಲು ತೆರೆದಿರುತ್ತದೆ, ದೊಡ್ಡ ಹಡಗುಗಳಿಗೆ ಮಾತ್ರ ನಿಷೇಧ. ಆ ತಿಂಗಳು ಪೂರ್ತಿ ತನ್ನ ಹಡಗು ಯಾರ ಕಣ್ಣಿಗೂ ಬೀಳಬಾರದು ಎಂಬುದು ಅವನ ಬೇಡಿಕೆ. ಪ್ರತಿಯಾಗಿ, ಮಾರುಕಟ್ಟೆಯ ಬಾಗಿಲಲ್ಲೇ ಮೀನು ಕೆಡದಂತೆ ಇಡುವ ಶೀತಲಗೃಹವೊಂದು ಅವಳ ಪಾಲಿಗೆ. ಹಲಗೆಯ ಮೇಲೆ ಅವಳ ಪೂರ್ತಿ ಹೆಸರು, ಎಕುವಾ ಎಸಿಲ್ಫಿ.

"ಆಕಾಶದಿಂದ ನೋಡ್ತಾರಂತಲ್ಲ ಅಕ್ಕಾ, ಇರುವೆ ಹರಿದ್ರೂ ಕಾಣುತ್ತಂತೆ. ಹೌದಾ?" ಅಂತ ಅವನು ಕೇಳಿದ.

"ಭಾಷಣ ಮಾಡೋರಿಗೆ ಕಾಣುತ್ತೆ," ಅಂದಳು ಎಕುವಾ.

ಆಕಾಶದ ಸಾಕ್ಷಿಗಳು ನಾಲ್ಕೇ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮೊದಲನೆಯದು ಹಡಗು ತಾನೇ ಕೂಗಿ ಹೇಳುವ ಹೆಸರು ಮತ್ತು ಜಾಗ. ಉಪಗ್ರಹ ಅದನ್ನು ನೋಡುವುದಿಲ್ಲ, ಕೇಳಿಸಿಕೊಳ್ಳುತ್ತದೆ ಅಷ್ಟೆ. ಕೂಗುವ ಯಂತ್ರವನ್ನು ಬಿಚ್ಚಿ ಬಂದರಿನಲ್ಲಿ ಕಟ್ಟಿರುವ ಹಳೆಯ ದೋಣಿಯಲ್ಲಿಟ್ಟರೆ 'ಬ್ಲೆಸೆಡ್ ಪೇಷನ್ಸ್' ಇಡೀ ತಿಂಗಳು ಸಾಧುವಿನಂತೆ ಬಂದರಿನಲ್ಲೇ ಕೂತಿರುತ್ತದೆ. ಹಡಗಿನ ಜಾಗ ತಿಳಿಸಲೆಂದು ಸರ್ಕಾರ ಮುದ್ರೆಯೊತ್ತಿ ಕೂರಿಸಿದ ಪೆಟ್ಟಿಗೆ ಎರಡನೆಯದು. ಮುದ್ರೆ ಒಡೆದು ಅದನ್ನೂ ಅಲ್ಲೇ ಇಟ್ಟು, ಬೇರೆ ಮುದ್ರೆ ಒತ್ತಿಸುವುದು ನ್ಯಾಮೆಕೆಯ ಕೆಲಸ. ಅದಕ್ಕೆ ಬೇಕಾದವರು ಅವನಿಗೆ ಗೊತ್ತು. ಮೂರನೆಯದು ಕತ್ತಲಲ್ಲಿ ದೀಪ ಹುಡುಕುವ ಕಣ್ಣು. ಹಗಲಲ್ಲೇ ಬಲೆ ಬಿಟ್ಟರೆ ಅದಕ್ಕೆ ಕೆಲಸವೇ ಇಲ್ಲ.

"ಆ ರೇಡಾರು?" ನ್ಯಾಮೆಕೆ ಮುಂದೆ ಬಾಗಿದ. "ಅದು ಮೋಡದೊಳಗಿಂದಾನೂ ಕಬ್ಬಿಣ ಕಂಡುಹಿಡಿಯುತ್ತಂತೆ. ಅದರ ಕಣ್ಣಿಗೆ ಹೆಂಗಕ್ಕಾ ಮಣ್ಣೆರಚ್ತೀಯ?"

"ಎರಚೋದ್ಯಾಕೆ? ಅಲ್ಲಿ ನೋಡ್ಬೇಡ ಅಂತ ಹೇಳಿದ್ರೆ ಸಾಕು, ನೋಡಲ್ಲ. ಗಂಡಸರ ಹಂಗಲ್ಲ ಯಂತ್ರ."

ಅದೇ ಅವಳ ತುರುಪು. ಕಡಲಲ್ಲಿರುವ ಕಬ್ಬಿಣವೆಲ್ಲ ಹಡಗಲ್ಲ. ತೈಲ ತೆಗೆಯುವ ವೇದಿಕೆಗಳಿವೆ, ನಿಂತಲ್ಲೇ ನಿಂತಿರುವ ತೇಲುಗಂಬಗಳಿವೆ. ಅವನ್ನೆಲ್ಲ ಕಂಡು ಯಂತ್ರ ದಿನಕ್ಕೆ ನೂರು ಸಲ ಬೊಬ್ಬೆ ಹಾಕಬಾರದೆಂದು ಕಚೇರಿಯಲ್ಲೊಂದು ಅಲುಗಾಡದ ವಸ್ತುಗಳ ಪಟ್ಟಿಯಿತ್ತು. ಪಟ್ಟಿಯಲ್ಲಿರುವ ಜಾಗದ ಸುತ್ತ ಒಂದು ವೃತ್ತ. ವೃತ್ತದೊಳಗೆ ಏನೇ ಕಂಡರೂ ಯಂತ್ರ ಬಾಯಿ ಮುಚ್ಚಿಕೊಂಡಿರುತ್ತದೆ. ಯಂತ್ರ ಬಾಯಿ ಬಿಡದ ಕಡೆಗೆ ಕಾವಲು ದೋಣಿಯೂ ಹೋಗುವುದಿಲ್ಲ. ಪಟ್ಟಿಯನ್ನು ತಿದ್ದುವವಳು ಎಕುವಾ ಒಬ್ಬಳೇ. ಅದರ ಪ್ರತಿಯೊಂದು ವಾರಕ್ಕೊಮ್ಮೆ ತಾನಾಗಿ ಬಂದರು ಕಚೇರಿಗೂ ಹೋಗುತ್ತಿತ್ತು, ಅಲ್ಲಿ ಯಾವುದೋ ಕಡತ ಸೇರುತ್ತದೆಂದೇ ಅವಳ ಎಣಿಕೆ. ಅಂಥದ್ದೊಂದು ಪಟ್ಟಿ ಇದೆ ಎಂಬುದೇ ಬೋಚ್ವೆಗೆ ಗೊತ್ತಿತ್ತೋ ಇಲ್ಲವೋ.

ಜಾಗವನ್ನು ಅವಳು ಮೂರು ದಿನ ಅಳೆದು ಆರಿಸಿದಳು. ದೋಣಿಯವರ ಲೆಕ್ಕವನ್ನೂ ಬಿಡಲಿಲ್ಲ. ಆಗಸ್ಟಿನಲ್ಲಿ ಬೂತಾಯಿ ಮೀನು ದಂಡೆಯ ಹತ್ತಿರವೇ ಹೊರಳುತ್ತದೆ. ಮೀನಿದೆಯೆಂದು ಯಾರೂ ಹೇಳದ ಇಪ್ಪತ್ತೈದು ಮೈಲಿ ಆಚೆಗೆ ಎಣ್ಣೆ ಸುಟ್ಟುಕೊಂಡು ಹೋಗುವ ಹುಚ್ಚ ಈ ಕರಾವಳಿಯಲ್ಲಿ ಹುಟ್ಟಿಲ್ಲ. ಬುಧವಾರ ಬೆಳಿಗ್ಗೆ, ಬೋಚ್ವೆ ಪತ್ರಿಕೆಯವರಿಗೆ ಗಾಜಿನ ಮೀನು ತೋರಿಸುತ್ತಿದ್ದಾಗ, ಅವಳು ಪಟ್ಟಿಗೆ ಒಂದು ಸಾಲು ಸೇರಿಸಿದಳು: ತೈಲ ವೇದಿಕೆ, ತಾತ್ಕಾಲಿಕ. ಹನ್ನೊಂದು ವರ್ಷದಲ್ಲಿ ಅವಳು ಹೇಳಿದ ಮೊದಲ ಸುಳ್ಳು. ಅಷ್ಟು ವರ್ಷದ ನಿಜಗಳಂತೆ ಅದನ್ನೂ ಯಾರೂ ಓದಲಿಲ್ಲ.

ಗುರುವಾರ ಹಡಗು ಹೊರಟಿತು. ಶುಕ್ರವಾರ ಚಿತ್ರದಲ್ಲಿ ವೃತ್ತದ ನಡುವೆ ದಪ್ಪ ಬಿಳಿ ಚುಕ್ಕೆ ಬಂತು, ಯಂತ್ರ ಉಸಿರೆತ್ತಲಿಲ್ಲ. ಎಕುವಾಗೆ ತಾನು ಸಾಕಿದ ನಾಯಿ ಕಳ್ಳನ ಕೈ ನೆಕ್ಕುವುದನ್ನು ನೋಡಿದಂತಾಯಿತು. ಒಂದು ಕ್ಷಣ ಬೇಸರವಾಯಿತು, ಆಮೇಲೆ ಹೆಮ್ಮೆಯೂ ಆಯಿತು. ಶನಿವಾರ ಹಲಗೆ ಬರೆಯುವವನ ಹತ್ತಿರ ಹೋಗಿ, ಅಕ್ಷರ ದೊಡ್ಡದಿರಲಿ, ಕಡಲಿನಿಂದಲೇ ಕಾಣಬೇಕು ಎಂದು ಹೇಳಿ ಬಂದಳು. ಸೋಮವಾರ ಕಳೆಯಿತು. ಮಂಗಳವಾರ ಕಡಲದೇವರ ದಿನ, ದೋಣಿಗಳು ನೀರಿಗಿಳಿಯಲಿಲ್ಲ.

ಬುಧವಾರ ಮಧ್ಯಾಹ್ನ ಬೋಚ್ವೆ ಏದುಸಿರು ಬಿಡುತ್ತ ಬಂದು ತನ್ನ ಮೊಬೈಲನ್ನು ಅವಳ ಮೇಜಿನ ಮೇಲಿಟ್ಟ. ಬೆಲ್ಲಕ್ಕೆ ಇರುವೆ ಮುತ್ತಿದಂತೆ 'ಬ್ಲೆಸೆಡ್ ಪೇಷನ್ಸ್' ಸುತ್ತ ಬಣ್ಣಬಣ್ಣದ ದೋಣಿಗಳು. ಬಲೆಯಲ್ಲಿ ಸಿಕ್ಕಿದ ಮೀನಿನಿಂದ ಹಿಡಿದು ಹಡಗಿನ ಹೆಸರಿನವರೆಗೆ ಎಲ್ಲವನ್ನೂ ಚಿತ್ರ ತೆಗೆದು ಊರಿಗೆಲ್ಲ ಹಂಚಿದ್ದರು.

"ಇಂಥಾ ಜಾಗಕ್ಕೆ ಇವ್ರು ಯಾಕೆ ಹೋದ್ರು ಆಂಟಿ? ನಂಗಂತೂ ತಲೆಬುಡ ತಿಳೀತಿಲ್ಲ," ಅಂತ ಅವನು ದೋಣಿಯವರ ಮುಖಂಡನಿಗೆ ಫೋನು ಹಚ್ಚಿ ಧ್ವನಿ ಜೋರು ಮಾಡಿದ.

"ಯಾಕೆ ಅಂತ ನಮ್ಮನ್ನ ಕೇಳ್ತೀರಲ್ಲ ಸಾಹೇಬ್ರೆ!" ಅಲೆಯ ಸದ್ದಿನ ನಡುವೆ ಮುದುಕ ಗಹಗಹಿಸಿದ. "ನಿಮ್ ಕಚೇರಿಯಿಂದ ಒಂದು ಪಟ್ಟಿ ಬರುತ್ತಲ್ಲ, ಸೋಮವಾರ ಸೋಮವಾರ ಆ ಹುಡುಗಿ ರೇಡಿಯೋದಲ್ಲಿ ನಮ್ಮ ಫಾಂಟೆ ಭಾಷೇಲಿ ಓದ್ತಾಳಲ್ಲ? ಈ ಸಲ ಓದಿದ್ಲು, ಇಂಥಾ ಕಡೆ ಹೊಸದಾಗಿ ಎಣ್ಣೆ ತೆಗೆಯೋ ಕಟ್ಟೆ ಬಂದಿದೆ, ದೋಣಿಗಳು ಹತ್ತಿರ ಸುಳೀಬೇಡಿ ಅಂತ. ಕಬ್ಬಿಣದ ಕಾಲು ನೆಟ್ಟ ಕಡೆ ಮೀನು ಜಾತ್ರೆ ಸೇರುತ್ತೆ ಅಂತ ಮೊಲೆ ಬಿಡದ ಕೂಸಿಗೂ ಗೊತ್ತು. ನಾವು ಮೀನು ಹಿಡಿಯೋಕೆ ಜಾಗ ಹುಡುಕೋದೇ ನಿಮ್ಮ ಆ ಪಟ್ಟಿ ಕೇಳ್ಕೊಂಡು ಕಣಯ್ಯಾ! ನೂರಿಪ್ಪತ್ತು ದೋಣಿ ಬಂದಿದೀವಿ, ಕಟ್ಟೆ ಮಾತ್ರ ಎಲ್ಲೂ ಕಾಣ್ತಿಲ್ಲ. ಅದನ್ನ ಬರೆದೋರು ಯಾರು, ಸ್ವಲ್ಪ ಫೋನ್ ಕೊಡಿ."