ಅಕ್ರೋಟ್ ಮರದ ಹಿಡಿ

"ಜಿಂಕೆ ಕೊಂಬಿನ ಹಿಡಿ ಬಿಚ್ಬೇಡಪ್ಪ," ಎಂದಳು ಮುದುಕಿ ಆರ್ಫಾ, ದುಡ್ಡು ಎಣಿಸಿಕೊಂಡು ರಿವಾಲ್ವರನ್ನೂ ಡಬ್ಬಿಯನ್ನೂ ಮೇಜಿನ ಮೇಲೆ ವೆಂಡೆಲ್‌ನತ್ತ ತಳ್ಳುತ್ತ. "ಮೊದಲಿನ ಮರದ ಹಿಡಿ ಈ ಡಬ್ಬೀಲಿದೆ. ಡಬ್ಬೀಲೇ ಇರ್ಲಿ. ಒಲೆಗೆ ಹಾಕಿದ್ವಿ, ಸುಡ್ಲಿಲ್ಲ. ನಮ್ಮಾವ ಅದನ್ನ ಹಿಡಿದು ಒಡಹುಟ್ಟಿದ ತಮ್ಮನ್ನೇ ಕೊಂದ. ಕೊಂದ ಮೇಲೇ ಅದು ಅವನ ಕೈ ಬಿಟ್ಟಿದ್ದು. ಆಮೇಲೆ ನಮ್ಮತ್ತೆ ಕೊಂಬು ಹಾಕಿಸಿದ್ಲು. ಕೊಂಬು ವರ್ಷಾ ವರ್ಷಾ ಉದುರಿ ಎಲ್ಲಾ ಮರೆಯುತ್ತೆ. ಮರ ಉಂಗುರ ಸುತ್ತಿ ಸುತ್ತಿ ಎಲ್ಲಾ ಇಟ್ಕೊಳ್ಳುತ್ತೆ."

"ಅಷ್ಟು ನೆನಪಿದ್ರೆ, ನನ್ ಕನ್ನಡಕ ಎಲ್ಲಿಟ್ಟೆ ಅಂತ ಅದನ್ನೇ ಕೇಳ್ತೀನಿ ಬಿಡಜ್ಜಿ," ಎಂದು ನಕ್ಕ ವೆಂಡೆಲ್.

ಮೊಂಟಾನಾಕ್ಕೆ ಅವನು ಹೊಸಬ, ರಿವಾಲ್ವರ್ ಹುಚ್ಚಿಗೆ ಇನ್ನೂ ಹೊಸಬ. ಅಜ್ಜಂದಿರ ಕಾಲದಲ್ಲಿ ದಂತ, ಮುತ್ತಿನ ಚಿಪ್ಪು, ಕೊಂಬು ಹಾಕಿಸಿದವನೇ ಶೋಕಿಲಾಲ. ಈಗ ಹಾಗೇ ಸಂಗ್ರಾಹಕರ ಮೇಳಕ್ಕೆ ಒಯ್ದರೆ, ಮೂಲ ಹಿಡಿ ಇಲ್ಲವೆಂದು, ಮದುಮಗನಿಗೆ ಕೋಡಂಗಿ ಟೋಪಿ ಎಂದು ಆಡಿಕೊಳ್ಳುತ್ತಾರೆ.

ಮನೆಯಲ್ಲಿ ಡಬ್ಬಿ ತೆರೆದಾಗ ಹಳೆಯ ಎಣ್ಣೆಯ ಕಮಟು. ಅದರಡಿಯಲ್ಲಿ ಹಸಿ ಬೆವರಿನ ವಾಸನೆ, ಯಾರೋ ಈಗಷ್ಟೇ ಕೈಬಿಟ್ಟಂತೆ. ಮರದ ಹಿಡಿಯ ಒಳಮೈಯಲ್ಲಿ ಪೆನ್ಸಿಲಿನಿಂದ ಬರೆದ ಸಂಖ್ಯೆ ರಿವಾಲ್ವರಿನ ಸಂಖ್ಯೆಗೆ ತಾಳೆಯಾಯಿತು. ಮೂಲ ಹಿಡಿಯೇ ಎನ್ನಲು ಅಷ್ಟು ಸಾಕಾಗಿತ್ತು. ಕೊಂಬು ಬಿಚ್ಚಿ ಮರ ಕೂರಿಸಿದ, ತಿರುಪು ಬಿಗಿದ, ಹಿಡಿದು ನೋಡಿದ.

ಮರ ಬೆಚ್ಚಗಿತ್ತು.

ಅಡುಗೆಮನೆಯಲ್ಲಿ ಹೆಂಡತಿ ಡೀಲಿಯಾ ಮಾಂಸ ಕಡಿಯುತ್ತಿದ್ದಳು. "ಅದನ್ನ ಇಟ್ಟು ಬಂದು ಈರುಳ್ಳಿ ಹೆಚ್ಚು ಮಾರಾಯ."

"ಇಡಕ್ಕಾಗ್ತಿಲ್ಲ."

"ಹೌದೌದು, ಹೊಸ ಹೆಂಡ್ತಿ ನೋಡು."

ತಿರುಗಿದವಳ ನಗು ಅರ್ಧಕ್ಕೇ ನಿಂತಿತು. ನಳಿಕೆ ಅವಳೆದೆಗೆ ನೇರವಾಗಿತ್ತು. ಖಾಲಿಯೆಂದು ಅವನೇ ನೋಡಿದ್ದ ಗುಂಡಿನ ಕುಳಿಗಳಲ್ಲಿ ಸೀಸ ಮಂಕಾಗಿ ಮಿನುಗುತ್ತಿತ್ತು.

"ಡೀಲಿ, ತಿರುಪು ಬಿಚ್ಚು. ಹಿಡಿ ತೆಗಿ."

ತಿರುಪು ಅವನ ಮಡಚಿದ ನಡುಬೆರಳಿನಡಿ ಸಿಕ್ಕಿತ್ತು. ಅವಳು ಎಳೆದಳು. ಬೆರಳು ಏಳಲಿಲ್ಲ. ಗುಂಡು ಸಿಡಿಸುವ ಕುದುರೆ ತಾನಾಗಿ ಹಿಂದಕ್ಕೆ ಸರಿಯತೊಡಗಿತು. ಕಿರ್. ಎಡಗೈಯಿಂದ ಬಲಗೈಯನ್ನು ಮಾಂಸದ ಹಲಗೆಗೆ ಒತ್ತಿದ. ಕಿರ್.

"ಬೆರಳು ಕಡಿ," ಎಂದ.

ಕಡಿದಳು. ರಕ್ತದಲ್ಲಿ ಜಾರುವ ಚಾಕುಮೊನೆಯಿಂದ ತಿರುಪು ತಿರುಗಿಸಿದಳು. ಮರ ಕಳಚಿ ಬಿತ್ತು. ಕೈ ಬಿಚ್ಚಿತು.

ಈಗ ರಿವಾಲ್ವರಿಗೆ ಮತ್ತೆ ಕೊಂಬಿನ ಹಿಡಿ. ನೋಡಲು ಬಂದ ಸಂಗ್ರಾಹಕ ಮೊನ್ನೆ ಮೂಗು ಮುರಿದ. "ಏನ್ರೀ ಇದು ಕೋಡಂಗಿ ವೇಷ? ಮೊದಲಿನ ಹಿಡಿ ಇಲ್ವಾ?"

ವೆಂಡೆಲ್ ಬಲಗೈಯನ್ನು ಡಬ್ಬಿಯ ಮುಚ್ಚಳದ ಮೇಲಿಟ್ಟು ಕೂತಿದ್ದ. ಇಲ್ಲದ ಆ ನಡುಬೆರಳು, ಡಬ್ಬಿಯೊಳಗೆ, ಬೆಚ್ಚನೆಯ ಮರವನ್ನು ಇನ್ನೂ ಬಿಗಿಯಾಗಿ ಹಿಡಿದಿತ್ತು.