ಎರಡು ಸಾವಿರ ತೆನೆಗಳು

"ಯಾರ್ರೀ ನೀವು? ನನ್ ಸಿಸ್ಟಮ್ ಯಾಕ್ರೀ ಮುಟ್ಟಿದ್ರಿ?"

ಊಟ ಮುಗಿಸಿ ಬಂದ ಯಶೋಧಾ ಬಾಗಿಲಲ್ಲೇ ಕೂಗಿದಳು. ಅವಳ ಕುರ್ಚಿಯಲ್ಲಿ ಕುಳಿತಿದ್ದ ಅಪರಿಚಿತ ಯುವಕ ಎರಡೂ ಕೈ ಮೇಲೆತ್ತಿದ.

"ಈಗ ಏನೂ ಮುಟ್ತಿಲ್ಲ, ನೋಡಿ!"

ನಿಜ... ಮೌಸ್ ಮೇಲೆ ಯಾರ ಕೈಯೂ ಇರಲಿಲ್ಲ. ಆದರೂ ಪರದೆಯ ಮೇಲೆ ರಾಗಿ ತೆನೆಯ ಫೋಟೋಗಳು ಒಂದೊಂದಾಗಿ ತಾವೇ ತೆರೆದು, ನೆಟ್ಟಗೆ ತಿರುಗಿ, ಅಂಚು ಕತ್ತರಿಸಿಕೊಂಡು, ಬೆಳ್ಳಗೆ ಹೊಳೆದು ಮಾಯವಾಗುತ್ತಿದ್ದವು!

ಯಶೋಧಾ ಕೋಪ ಮರೆತು ಪರದೆಯ ಹತ್ತಿರ ಬಂದಳು.

ಹೆಬ್ಬಾಳದ ಆ ರಾಗಿ ಸಂಶೋಧನಾ ಕಚೇರಿಗೆ ಅವಳು ಗುತ್ತಿಗೆ ಮೇಲೆ ಸೇರಿದ್ದಳು. ಒಳ್ಳೆಯ ಬಿತ್ತನೆ ತಳಿ ಆರಿಸಲು ತೆಗೆದ ಎರಡು ಸಾವಿರ ಫೋಟೋಗಳನ್ನು ಸರಿಪಡಿಸುವ ಕೆಲಸ. ಹದಿನೆಂಟು ದಿನ ಕಣ್ಣು ಉರಿಸಿಕೊಂಡರೂ ಅರ್ಧವೂ ಮುಗಿದಿರಲಿಲ್ಲ.

"ಇದು ಸ್ಕ್ರಿಪ್ಟ್. ಏನೇನ್ ಮಾಡ್ಬೇಕು ಅಂತ ಒಂದ್ಸಲ ಬರೆದಿಟ್ರೆ ಸಾಫ್ಟ್‌ವೇರ್ ಎಲ್ಲಾ ಫೋಟೋಗೂ ತಾನೇ ಮಾಡುತ್ತೆ," ಎಂದ ಅವನು. "ನಾನು ವಿಜಯ್ ಕುಮಾರ್. ಹೊಸ ಕಂಪ್ಯೂಟರ್ ಆಪರೇಟರ್. ಸಾಹೇಬ್ರೇ ಕೂರ್ಸಿದ್ರು."

"ಎಲ್ಲಾ ಮುಗಿಯೋಕೆ ಎಷ್ಟ್ ದಿನ?"

"ಒಂದ್ ಗಂಟೆ."

ಒಂದೇ ಗಂಟೆ! ಯಶೋಧಾ ನಿಂತಲ್ಲೇ ನಿಂತು ನೋಡಿದಳು. 'ಇದನ್ನ ಮಾಡಿದ ತಲೆ ಎಂಥದ್ದಿರಬಹುದು...' ಎನ್ನಿಸಿ ಕಣ್ಣು ಅವನತ್ತ ಹೊರಳಿತು. ಅವನೂ ನೋಡಿದ. ಅವಳು ತಟ್ಟನೆ ಮುಖ ತಿರುಗಿಸಿದಳು.

ಮರುದಿನ ಬೆಳಿಗ್ಗೆ ಕಚೇರಿಯ ಮುಖ್ಯಸ್ಥ ಕಾಶಿನಾಥರ ಕೋಣೆಯಿಂದ ವಿಜಯನ ದನಿ ಕೇಳಿಸಿತು.

"ಸಾರ್, ಫೋಟೋ ಕೆಲಸಕ್ಕೆ ಇನ್ಮೇಲೆ ಯಶೋಧಾ ಬೇಕಾಗಲ್ಲ..."

ಹೊರಗಿದ್ದ ಯಶೋಧಾ ಬೆಚ್ಚಿದಳು. ಮುಂದಿನ ಮಾತಿಗೆ ನಿಲ್ಲದೆ ತನ್ನ ಜಾಗಕ್ಕೆ ಓಡಿದಳು. ಎಂಥ ಮೋಸಗಾರ!

ಏನಾದರೂ ತಪ್ಪು ಸಿಕ್ಕೀತೆಂದು ಹಟದಿಂದ ಅವನ ಫೋಟೋಗಳನ್ನು ತೆರೆದಳು. ಒಂದು, ಎರಡು, ಮೂವತ್ತು... ಎಲ್ಲ ಚೆಂದ. ಚೆಂದ ಹೆಚ್ಚೇ ಆಯಿತಲ್ಲ?

ಅವಳು ಹಳೆಯ ಫೋಟೋವನ್ನು ಪಕ್ಕದಲ್ಲಿಟ್ಟಳು. ತೆನೆಯ ಕುತ್ತಿಗೆಯಲ್ಲಿ ಕಂದು ಕಲೆ... ಬೆಂಕಿ ರೋಗ! ಹೊಸದರಲ್ಲಿ ಅದರ ಸುಳಿವೇ ಇಲ್ಲ. ಬೆಳಕು ಹೆಚ್ಚಿಸಿದ ಸ್ಕ್ರಿಪ್ಟ್ ರೋಗವನ್ನೂ ಅಳಿಸಿಹಾಕಿತ್ತು. ಹೀಗೇ ಹೋದರೆ ರೋಗದ ತಳಿಯೇ ಒಳ್ಳೆಯ ಬಿತ್ತನೆ ಎಂದು ರೈತರ ಕೈ ಸೇರುತ್ತದೆ!

ಸುಮ್ಮನಿದ್ದರೆ ಅವನ ಹೆಸರು ಕೆಡುತ್ತಿತ್ತು. ಆದರೆ ಯಶೋಧಾ ಸುಮ್ಮನಿರಲಿಲ್ಲ. ನೇರ ಅವನ ಬಳಿ ಹೋಗಿ ಎರಡೂ ಫೋಟೋ ತೋರಿಸಿದಳು.

ವಿಜಯ್ ಬೆಪ್ಪಾದ. "ಇಷ್ಟ್ ಸಣ್ಣ ಕಲೆ... ಹೆಂಗ್ರೀ ಕಾಣಿಸ್ತು?"

"ಅಟ್ಟೂರಲ್ಲಿ ಲೇಔಟ್ ಆಗೋಕ್ ಮುಂಚೆ ನಮ್ದೂ ಹೊಲ ಇತ್ತು. ರಾಗಿ ನೋಡ್ಕೊಂಡೇ ಬೆಳೆದಿದ್ದೀನಿ." ಅವಳು ಅವನನ್ನೇ ನೇರ ನೋಡಿದಳು. "ನನ್ನ ಬೇಡ ಅಂದ್ರಲ್ಲ..."

"ಅಯ್ಯೋ, ಪೂರ್ತಿ ಕೇಳಿಸ್ಕೊಂಡಿಲ್ವಾ? ಈ ಕತ್ತರಿಸೋ ಕೆಲಸಕ್ಕೆ ಬೇಡ, ತೆನೆ ಪರೀಕ್ಷೆಗೆ ಹಾಕಿ ಅಂದೆ. ಫೋಟೋಗಳ ಜೊತೆ ತೆನೆ ಬಗ್ಗೆ ನೀವು ಬರೆದಿಟ್ಟ ಟಿಪ್ಪಣಿ ಓದಿದ್ದೆ. ಸಾಹೇಬ್ರೂ ಒಪ್ಪಿದ್ರು."

ಯಶೋಧಾಳ ಕಣ್ಣು ತುಂಬಿತು.

ಮೂಲ ಫೋಟೋಗಳು ಭದ್ರವಾಗಿದ್ದವು. ವಿಜಯ್ ಸ್ಕ್ರಿಪ್ಟ್‌ನಲ್ಲಿ ಬೆಳಕು ಹೆಚ್ಚಿಸುವ ಸಾಲನ್ನು ಅಳಿಸಿ ಮತ್ತೆ ಓಡಿಸಿದ. ಇಬ್ಬರೂ ಪಕ್ಕಪಕ್ಕ ಕುಳಿತು, ಎರಡು ಸಾವಿರ ತೆನೆಗಳು ತಮ್ಮ ನಿಜವಾದ ಬಣ್ಣದಲ್ಲಿ ಸಾಗುವುದನ್ನು ನೋಡಿದರು.

"ನೀವು ಬರೆದ ಸ್ಕ್ರಿಪ್ಟ್ ನಿಜವಾಗ್ಲೂ ಅದ್ಭುತ," ಎಂದಳು ಮೆಲ್ಲಗೆ.

"ನನಗೆ ಅದ್ಭುತ ಅನ್ಸಿದ್ದು ನೀವು." ವಿಜಯನ ಕಿವಿ ಕೆಂಪಾಯಿತು. "ಯಶೋಧಾ... ದೊಡ್ಡವ್ರನ್ನ ಕರ್ಕೊಂಡು ನಿಮ್ ಮನೆಗೆ ಬರ್ಲಾ?"

ಅವಳು ತಲೆ ತಗ್ಗಿಸಿದಳು. ತುಟಿಯಂಚಿನ ನಗು ಮಾತ್ರ ಅಡಗಲಿಲ್ಲ.

"ಭಾನುವಾರ ಬನ್ನಿ."

"ಈ ಭಾನುವಾರಾನೇ?!"

"ಹೂಂ... ತಡ ಯಾಕೆ?"